ಕನ್ನಂಬಾಡಿಯ ನೀರಂಚಿನಲ್ಲಿ

ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬೂಕನಕೆರೆಯಿಂದ ದಕ್ಷಿಣದ ಕಡೆಗೆ ಹೊರಟ ಪಯಣಿಗನಿಗೆ, ಕಬ್ಬು ರಾಗಿಗಳ ಹೊಲಗಳನ್ನೂ ತೆಂಗಿನ ತೋಟಗಳನ್ನೂ ದಾಟಿದ ಮೇಲೆ, ಒಂದೆಡೆ ಭೂಮಿಯೇ ಮುಗಿದುಹೋದಂತೆ ತೋರುತ್ತದೆ. ಎದುರಿಗೆ ಕಣ್ಣು ಹಾಯುವಷ್ಟು ದೂರವೂ ನೀರು. ಗಾಳಿ ಬೀಸಿದಾಗ ಅಲೆಗಳು ಬಂದು ದಡವನ್ನು ಬಡಿಯುತ್ತವೆ. ಕಡಲನ್ನು ಕಾಣದ ನಮ್ಮ ಸೀಮೆಯ ಮಕ್ಕಳು ಇದನ್ನೇ ಕಡಲೆಂದು ಭಾವಿಸುವುದುಂಟು. ಇದು ಕೃಷ್ಣರಾಜಸಾಗರದ ಹಿನ್ನೀರು. ಸರ್ಕಾರದ ಕಾಗದಪತ್ರಗಳಲ್ಲಿ ಹೆಸರು ಏನೇ ಇರಲಿ, ನಮ್ಮ ಹಿರಿಯರ ಬಾಯಲ್ಲಿ ಇದು ಇಂದಿಗೂ ‘ಕನ್ನಂಬಾಡಿ ಕಟ್ಟೆ’. ಯಾವ ಊರನ್ನು ನೀರು ನುಂಗಿತೋ ಆ ಊರಿನ ಹೆಸರನ್ನೇ ನೀರಿಗೆ ಇಟ್ಟು ಜನ ಅದನ್ನು ಉಳಿಸಿಕೊಂಡಿದ್ದಾರೆ.

ಈ ನೀರಂಚಿನಲ್ಲಿ ಕಾಣಿಸಿಕೊಂಡು ಮರೆಯಾಗುವ ಕಲ್ಲುಗಳನ್ನು ನಾವು ಕೆಲವು ಮಂದಿ ಸ್ನೇಹಿತರು 2003ರ ಬೇಸಿಗೆಯಿಂದ ಈಚೆಗೆ ಛಾಯಾಚಿತ್ರಗಳಲ್ಲಿ ಹಿಡಿದಿಡುತ್ತ ಬಂದಿದ್ದೇವೆ. ಒಂದೇ ತಾಣದ ಚಿತ್ರವನ್ನು ಇಷ್ಟು ವರ್ಷ ತೆಗೆಯುವುದರಿಂದ ಆಗುವ ಪ್ರಯೋಜನವೇನೆಂದು ಹಲವರು ನಮ್ಮನ್ನು ಕೇಳಿದ್ದಾರೆ. ಪತ್ರಿಕೆಯ ಓದುಗ ಶರಣಬಂಧುಗಳ ಮುಂದೆ ಅದಕ್ಕೆ ಉತ್ತರವನ್ನು ನಿವೇದಿಸುವುದೇ ಈ ಬರಹದ ಉದ್ದೇಶ.

ಊರು ಮುಳುಗಿದ ಬಗೆ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದಾಗ, 1911ರಲ್ಲಿ ಈ ಅಣೆಕಟ್ಟೆಯ ಕಾಮಗಾರಿ ಆರಂಭವಾಯಿತು. ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳು ಕಾವೇರಿಯನ್ನು ಕೂಡಿದ ಮೇಲೆ ಆ ತುಂಬು ಹೊಳೆಗೆ ಅಡ್ಡಲಾಗಿ ಕಟ್ಟೆ ಎದ್ದಿತು. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದ ಈ ಕಟ್ಟೆ ಸುಮಾರು 8,600 ಅಡಿ ಉದ್ದವಿದ್ದು, 124.80 ಅಡಿಗೆ ಜಲಾಶಯ ಭರ್ತಿಯಾಗುತ್ತದೆ. ಆಗ ಅದರಲ್ಲಿ ನಿಲ್ಲುವ ನೀರು 49.45 ಟಿ.ಎಂ.ಸಿ. ಎರಡು ದಶಕಗಳ ಕಾಲ ನಡೆದ ಕಾಮಗಾರಿ 1930ರ ದಶಕದ ಆದಿಯಲ್ಲಿ ಮುಗಿಯಿತು. ಅದರ ನಾಲೆಯ ನೀರು ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬಯಲಿಗೆ ಹರಿಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಮಳೆಯನ್ನೇ ನಂಬಿದ್ದ ಒಣನೆಲ ಅನ್ನದ ಕಣಜವಾಯಿತು.

ಈ ಕಥೆ ನಮ್ಮ ಮಕ್ಕಳ ಪಾಠಪುಸ್ತಕದಲ್ಲಿದೆ. ಇರಲೇಬೇಕಾದ ಕಥೆ ಅದು. ಆದರೆ ಆ ಅನ್ನಕ್ಕಾಗಿ ತಮ್ಮ ಮನೆ, ಹೊಲ, ಕೆರೆ, ಗುಡಿ, ಹಿರಿಯರ ಸಮಾಧಿಗಳನ್ನು ಬಿಟ್ಟು ಎದ್ದುಬಂದ ಕುಟುಂಬಗಳ ಕಥೆ ಅಷ್ಟಾಗಿ ಬರಹಕ್ಕೆ ಇಳಿದಿಲ್ಲ. ಕನ್ನಂಬಾಡಿಯ ಜೊತೆಗೆ ಕಾವೇರಿಯ ದಂಡೆಯ ಹಲವು ಊರುಗಳು ಮುಳುಗಿದವು. ಕನ್ನಂಬಾಡಿಯವರಿಗಾಗಿ ಎತ್ತರದ ನೆಲದಲ್ಲಿ ಹೊಸಕನ್ನಂಬಾಡಿ ಎಂಬ ಊರು ಎದ್ದಿತು. ಹಳೆಯ ಊರಿನಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯ ಮಾತ್ರ ಕಂಬ, ಭುವನೇಶ್ವರಿ, ಪ್ರಾಕಾರಗಳ ಸಮೇತ ನೀರಿನಡಿಯಲ್ಲೇ ಉಳಿಯಿತು.

ನೀರು ಇಳಿದ ವರ್ಷಗಳು

ಏಳು ದಶಕಗಳ ಅನಂತರ, 2000ದ ಆಸುಪಾಸಿನಿಂದ ಮೊದಲ್ಗೊಂಡು ಬಂದ ಬರಗಾಲದ ವರ್ಷಗಳಲ್ಲಿ, ಜಲಾಶಯ ಬತ್ತುತ್ತ ಹೋದಂತೆ ಆ ದೇವಾಲಯ ಮತ್ತೆ ಬೆಳಕಿಗೆ ಬಂದಿತು. ಸುತ್ತಲಿನ ಊರುಗಳ ಜನ ಗಾಡಿ ಕಟ್ಟಿಕೊಂಡು, ಬೈಸಿಕಲ್ಲು ಏರಿ, ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಬಿರುಕುಬಿಟ್ಟ ಮೆಕ್ಕಲು ಮಣ್ಣಿನ ನಡುವೆ ಕಪ್ಪು ಕಂಬಗಳು ನಿಂತಿದ್ದವು. ಗೋಡೆಗಳ ಮೇಲೆ ನೀರಿನ ಮಟ್ಟ ನಿಂತುಹೋದ ಗೆರೆಗಳು, ಮರದ ಕಾಂಡದ ಬಳೆಗಳಂತೆ, ಒಂದರ ಮೇಲೊಂದು ಇದ್ದವು. ಹೊಲದವರಿಗೆ ಬರಗಾಲ ಬಾಯಾರಿಕೆಯನ್ನು ತಂದಿತ್ತು. ಮುಳುಗಡೆಯ ಮನೆತನಗಳಿಗೆ ಅದೇ ಬರಗಾಲ ತವರಿನ ದರ್ಶನವನ್ನೂ ತಂದಿತ್ತು. ಒಂದೇ ವಿದ್ಯಮಾನ ಇಬ್ಬರಿಗೆ ಎರಡು ಬಗೆಯಾಗಿ ಬಂದುದನ್ನು ಕಂಡಾಗಲೇ ಕ್ಯಾಮರಾ ಹಿಡಿದು ಅಲ್ಲಿಗೆ ಮತ್ತೆ ಮತ್ತೆ ಹೋಗಬೇಕೆಂಬ ಸಂಕಲ್ಪ ನಮ್ಮಲ್ಲಿ ಮೂಡಿತು.

ಬಳಿಕ ನಡೆದದ್ದು ಅಪರೂಪದ ಕಾರ್ಯ. ಉದ್ಯಮಿ ಶ್ರೀಹರಿ ಖೋಡೆಯವರ ನೇತೃತ್ವದ ಪ್ರತಿಷ್ಠಾನ ಆ ದೇವಾಲಯವನ್ನು ನೀರು ಮುಟ್ಟದ ಎತ್ತರದ ನೆಲಕ್ಕೆ ಸ್ಥಳಾಂತರಿಸುವ ಹೊಣೆ ಹೊತ್ತಿತು. ಕಲ್ಲುಗಳನ್ನು ಕೀಳುವುದಕ್ಕೆ ಮುಂಚೆ ಇಡೀ ಕಟ್ಟಡದ ಛಾಯಾಚಿತ್ರಗಳನ್ನು ತೆಗೆಯಲಾಯಿತು. ಒಂದೊಂದು ಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ಸಾಗಿಸಿ, ಅದೇ ಕ್ರಮದಲ್ಲಿ ಮರಳಿ ಜೋಡಿಸಲಾಯಿತು. 2010ರ ದಶಕದ ಆದಿಯಲ್ಲಿ ಕಟ್ಟಡದ ಮುಖ್ಯ ಕೆಲಸ ಮುಗಿಯಿತು. ಇಂದು ಪಾಂಡವಪುರ ತಾಲ್ಲೂಕಿನ ಹೊಸಕನ್ನಂಬಾಡಿಯಲ್ಲಿ, ಹಿನ್ನೀರಿನ ದಡದಲ್ಲಿ, ಯಾತ್ರಿಕರು ಕಾಣುವ ಗುಡಿ ಅದೇ. ಜಲಾಶಯ ತುಂಬಿದಾಗ ಅಲೆಗಳು ಅದರ ಸಮೀಪಕ್ಕೇ ಬರುತ್ತವೆ.

ಇಲ್ಲಿ ಛಾಯಾಚಿತ್ರಕ್ಕೆ ಬಂದ ಪದವಿಯನ್ನು ಓದುಗರು ಗಮನಿಸಬೇಕು. ಯಾವ ಕಲ್ಲಿನ ಪಕ್ಕಕ್ಕೆ ಯಾವ ಕಲ್ಲು ಎಂಬುದನ್ನು ಹೇಳುವ ಸಾಕ್ಷಿ ಇಲ್ಲದೆ ಹೋಗಿದ್ದರೆ ಸಾವಿರಾರು ಕಲ್ಲುಗಳ ರಾಶಿಯೊಂದು ದಡದ ಮೇಲೆ ಬೀಳುತ್ತಿತ್ತೇ ಹೊರತು ದೇವಾಲಯ ಏಳುತ್ತಿರಲಿಲ್ಲ. ಚಿತ್ರವೆಂಬುದು ಬರಿಯ ಅಲಂಕಾರವಲ್ಲ. ಕಳಚಿದ್ದನ್ನು ಕೂಡಿಸುವ ಸಾಧನವೂ ಹೌದು.

ಒಂದೇ ಬಂಡೆಯ ಮೇಲಿಂದ

ನಮ್ಮ ಕೆಲಸದ ರೀತಿ ಬಹು ಸರಳ. ದಡದ ಒಂದು ಬಂಡೆಯನ್ನು ಗುರುತು ಮಾಡಿಕೊಂಡೆವು. ಪ್ರತಿವರ್ಷ ನಾಲ್ಕು ಸಲ, ಅಂದರೆ ಸಂಕ್ರಾಂತಿಯ ಆಸುಪಾಸಿನಲ್ಲಿ, ಬಸವ ಜಯಂತಿಯ ಬಿರುಬಿಸಿಲಿನಲ್ಲಿ, ಶ್ರಾವಣದಲ್ಲಿ ಮತ್ತು ಕಾರ್ತಿಕದಲ್ಲಿ, ಬೆಳಗಿನ ಹೊತ್ತು ಅದೇ ಬಂಡೆಯ ಮೇಲೆ ನಿಂತು ಅದೇ ದಿಕ್ಕಿಗೆ ಚಿತ್ರ ತೆಗೆಯುವುದು. ಮೈಸೂರು ಮಂಡ್ಯದ ಪತ್ರಿಕೆಗಳು ಜಲಾಶಯದ ಮಟ್ಟವನ್ನು ನಿತ್ಯವೂ ಅಚ್ಚುಮಾಡುತ್ತವೆ. ಆ ದಿನದ ಮಟ್ಟವನ್ನು ಚಿತ್ರದ ಹಿಂಬದಿಯಲ್ಲಿ ಬರೆದಿಡುವುದು. ಮೊದಲ ವರ್ಷಗಳಲ್ಲಿ 36 ಚಿತ್ರಗಳ ರೀಲು. ಒಂದೊಂದು ಚಿತ್ರಕ್ಕೂ ಲೆಕ್ಕವಿಡಬೇಕಾದ ಕಾಲ ಅದು. ಆಮೇಲೆ ಡಿಜಿಟಲ್ ಕ್ಯಾಮರಾ ಬಂದಿತು. ಈಗ ಮನೆಯ ಮೊಮ್ಮಕ್ಕಳು ಕೈಯೊಳಗಿನ ಮೊಬೈಲಿನಲ್ಲೇ ಹಿಡಿದು ಕೊಡುತ್ತಾರೆ.

ಈ ಚಿತ್ರಗಳನ್ನು ಸಾಲಾಗಿ ಹರಡಿಕೊಂಡು ಕುಳಿತರೆ ಬಂಡೆ ಬದಲಾಗಿಲ್ಲ, ಆಚೆಯ ಗುಡ್ಡದ ಸಾಲು ಬದಲಾಗಿಲ್ಲ. ಬದಲಾಗಿರುವುದು ನೀರು ಮತ್ತು ಆ ನೀರನ್ನು ನಂಬಿದ ಬದುಕು. 2003ರ ಚಿತ್ರದಲ್ಲಿ ಒಡೆದ ಮಣ್ಣು. 2012, 2016 ಮತ್ತು 2017ರ ಚಿತ್ರಗಳಲ್ಲಿಯೂ ಬರದ ಛಾಯೆ. 2018ರ ಜುಲೈ ಚಿತ್ರದಲ್ಲಿ ನೀರು ಬಂಡೆಯ ಬುಡದವರೆಗೆ. 2023ರಲ್ಲಿ ಮಳೆಗಾಲವೇ ಕೈಕೊಟ್ಟು ನೀರು ದೂರ ಸರಿದಿದೆ. 2025ರಲ್ಲಿ ಜೂನ್ ತಿಂಗಳಲ್ಲೇ ಜಲಾಶಯ ತುಂಬಿ, ಕಟ್ಟೆಯ ಇತಿಹಾಸದಲ್ಲಿ ಹಿಂದೆಂದೂ ಕಾಣದಷ್ಟು ಬೇಗ ಬಾಗಿನ ಅರ್ಪಣೆಯಾಯಿತು. ನೀರು ಸರಿದ ಬೇಸಿಗೆಗಳಲ್ಲಿ ಹಳೆಯ ಪಾಯದ ಗೆರೆಗಳು ಕಾಣುತ್ತವೆ, ತಗ್ಗಿನ ಮೆಕ್ಕಲಿನಲ್ಲಿ ರೈತರು ಪೈರು ಹಾಕಿರುತ್ತಾರೆ, ಕುರಿ ಮಂದೆಗಳು ಮೇಯುತ್ತಿರುತ್ತವೆ. ನೀರು ಬಂದ ತಿಂಗಳುಗಳಲ್ಲಿ ಅದೇ ಜಾಗದ ಮೇಲೆ ಬೆಸ್ತರ ತೆಪ್ಪ ತೇಲುತ್ತಿರುತ್ತದೆ. ಒಂದು ಚಿತ್ರ ಒಂದು ನೋಟವನ್ನು ಕೊಡುತ್ತದೆ. ಇಪ್ಪತ್ತು ವರ್ಷದ ಚಿತ್ರಗಳು ಒಂದು ಸೀಮೆಯ ಭಾಗ್ಯ ಮತ್ತು ಸಂಕಟಗಳ ದಿನಚರಿಯನ್ನೇ ಕೊಡುತ್ತವೆ.

ಅನ್ಯರು ಕಾಯ್ದ ಕಲ್ಲುಗಳು

ಇಂಥ ಕೆಲಸಕ್ಕೆ ಮನಸೋತವರು ನಾವು ಮಾತ್ರವಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಪೂರ್ಣ ಹೊರಬರುವ ಆ ಕಟ್ಟಡವನ್ನು ನಾಡಿನ ಮೂಲೆಮೂಲೆಯಿಂದ ಛಾಯಾಗ್ರಾಹಕರು ಬಂದು ಸೆರೆಹಿಡಿಯುತ್ತಾರೆ. ಅದರ ಕಮಾನುಗಳು ವರ್ಷ ಕಳೆದಂತೆ ಕುಸಿಯುತ್ತಿರುವುದಕ್ಕೂ ಅವರ ಚಿತ್ರಗಳೇ ಸಾಕ್ಷಿ. ಆ ಚರ್ಚಿನ ಗೋಡೆಗಳನ್ನು ಸವರಿಕೊಂಡ ಹೇಮಾವತಿಯ ನೀರೇ ಮುಂದೆ ಹರಿದು ನಮ್ಮ ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ.

ಇಂಗ್ಲೆಂಡಿನ ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ, ಜನರು ಕಡಲ ಮೇಲೆ ವಿಹರಿಸಲೆಂದು ಕಬ್ಬಿಣದ ಕಂಬಗಳ ಮೇಲೆ ಕಟ್ಟಿದ ವೆಸ್ಟ್ ಪಿಯರ್ ಎಂಬ ಸೇತುಗಟ್ಟೆಯಿದೆ. 1866ರಲ್ಲಿ ತೆರೆದು, 1975ರಲ್ಲಿ ಮುಚ್ಚಿ, 2002ರ ಕೊನೆಯಲ್ಲಿ ಭಾಗಶಃ ಕುಸಿದು, 2003ರಲ್ಲಿ ಬೆಂಕಿಗೆ ತುತ್ತಾಗಿ, ಈಗ ಅದರ ಕಬ್ಬಿಣದ ಅಸ್ಥಿಪಂಜರ ಮಾತ್ರ ನೀರಿನಲ್ಲಿ ನಿಂತಿದೆ. ಅಲ್ಲಿಯವರು ವರ್ಷವರ್ಷವೂ ಅದರ ಚಿತ್ರ ತೆಗೆಯುತ್ತಾರೆ. ನೆರೆಯ ಕೇರಳದ ಆಲಪ್ಪುಳದಲ್ಲಿಯೂ 1862ರ ಕಡಲ ಸೇತುಗಟ್ಟೆಯ ಅವಶೇಷ ಹೀಗೆಯೇ ನಿಂತಿದೆ. ನಮ್ಮ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಪೂರೈಸಿದ ವೆಲ್ಲೆಸ್ಲಿ ಸೇತುವೆ ಇದೆ. ಕಂಬವೂ ಕಲ್ಲು, ತೊಲೆಯೂ ಕಲ್ಲು. ಎಷ್ಟೋ ಪ್ರವಾಹಗಳನ್ನು ಎದುರಿಸಿ ಕಾವೇರಿಯಲ್ಲಿ ನಿಂತ ಆ ಕಂಬಗಳ ಚಿತ್ರವನ್ನು ಕ್ರಮವರಿತು ವರ್ಷವರ್ಷವೂ ತೆಗೆದಿಡುವ ಕೆಲಸವನ್ನು ಅಲ್ಲಿನ ಶಾಲಾ ಮಕ್ಕಳೇ ಕೈಗೊಳ್ಳಬಹುದಾಗಿದೆ. ಯಾವ ಕಂಬ ವಾಲಿತು, ಯಾವ ತೊಲೆ ಜರುಗಿತು ಎಂಬುದನ್ನು ಹಳೆಯ ಚಿತ್ರವಲ್ಲದೆ ಮತ್ತಾರು ಹೇಳಬಲ್ಲರು?

ಒಬ್ಬ ತಾಯಿಯ ಪ್ರಶ್ನೆ

ಒಂದು ಬೇಸಿಗೆಯಲ್ಲಿ ನಾವು ದಡದಲ್ಲಿ ನಿಂತಿದ್ದಾಗ ಎಂಬತ್ತು ದಾಟಿದ ತಾಯಿಯೊಬ್ಬರು ಮೊಮ್ಮಗನ ಕೈಹಿಡಿದು ಅಲ್ಲಿಗೆ ಬಂದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ. ಬಹಳ ಹೊತ್ತು ನೀರಿನ ಕಡೆಗೆ ನೋಡುತ್ತ ನಿಂತವರು ಮೆಲ್ಲನೆ ಕೇಳಿದರು:

“ಕಲ್ಲಿಂದು ಪಟ ಹಿಡೀತಾ ಇದ್ದೀರಿ, ಒಳ್ಳೇದೇಯ ಸ್ವಾಮಿ. ನಮ್ಮತ್ತೆಮ್ಮನ ತವರುಮನೆ ಆ ಕಲ್ಲಿಂದ ಆಚ್ಗಿತ್ತಂತೆ. ಅದ್ರ ಪಟ ಯಾರ ತಾವಾದ್ರೂ ಐತಾ?”

ಯಾರ ಬಳಿಯೂ ಇರಲಿಲ್ಲ. ಮಣ್ಣಿನ ಗೋಡೆಯ ಮನೆ, ಜಗಲಿ, ಕಣ, ಹಿತ್ತಿಲ ಹುಣಿಸೆಮರ, ಇವುಗಳ ಚಿತ್ರ ತೆಗೆದಿಡುವ ಅನುಕೂಲ ಅಂದಿನ ಒಕ್ಕಲು ಮನೆತನಗಳಿಗೆ ಎಲ್ಲಿತ್ತು? ರಾಜಾಶ್ರಯವಿದ್ದ ಕಲ್ಲಿನ ಗುಡಿ ನೀರಿನಲ್ಲಿಯೂ ಉಳಿಯಿತು. ಮಣ್ಣಿನ ಮನೆ ಮೊದಲ ವರ್ಷವೇ ಕರಗಿತು. ಆ ತಾಯಿಯ ಬಳಿ ಇದ್ದದ್ದು ತಮ್ಮ ಅತ್ತೆ ಹೇಳಿದ ಮಾತು ಮಾತ್ರ. ಆಕೆ ಕೈಚಾಚಿ ತೋರಿಸಿದರು: ಇಲ್ಲಿ ಬಾವಿ, ಅಲ್ಲಿ ಕಣ, ಅದರಾಚೆಗೆ ಹೊಳೆಗೆ ಇಳಿಯುವ ದಾರಿ. ನಾವು ಆಕೆಯನ್ನು ಅದೇ ಬಂಡೆಯ ಪಕ್ಕದಲ್ಲಿ ನಿಲ್ಲಿಸಿ, ಚಾಚಿದ ಆ ಕೈಯನ್ನೂ ಸೇರಿಸಿ ಚಿತ್ರ ತೆಗೆದೆವು. ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡೆವು.

ಅಂದಿನಿಂದ ನಮ್ಮ ಚಿತ್ರಸಂಗ್ರಹಕ್ಕೆ ಹೊಸ ಭಾಗವೊಂದು ಸೇರಿತು. ನೀರು ಇಳಿದ ಪ್ರತಿ ಬೇಸಿಗೆಯಲ್ಲಿಯೂ ಮುಳುಗಡೆಯ ಮನೆತನಗಳ ಹಿರಿಯರನ್ನು ಕರೆದೊಯ್ದು, ಅವರು ತೋರಿಸಿದ ದಿಕ್ಕಿನಲ್ಲಿ ಅವರನ್ನೇ ನಿಲ್ಲಿಸಿ ಚಿತ್ರ ತೆಗೆಯತೊಡಗಿದೆವು. ಹಾಗೆ ಚಿತ್ರದಲ್ಲಿ ನಿಂತವರಲ್ಲಿ ಅನೇಕರು ಈಗ ಲಿಂಗೈಕ್ಯರಾಗಿದ್ದಾರೆ. ಕಣ್ಣಾರೆ ಕಂಡವರ ತಲೆಮಾರು ಮುಗಿದಿದೆ. ಕೇಳಿ ತಿಳಿದವರ ತಲೆಮಾರೂ ಮುಗಿಯುತ್ತ ಬಂದಿದೆ. ಮುಂದಿನ ಬರಗಾಲದಲ್ಲಿ ನೀರು ಮತ್ತೆ ಇಳಿಯಬಹುದು, ಪಾಯದ ಗೆರೆಗಳು ಮತ್ತೆ ಕಾಣಬಹುದು. ಆದರೆ ಇದು ಯಾರ ಮನೆ ಎಂದು ಹೇಳುವವರು ಆ ದಡದಲ್ಲಿ ಇರುವುದಿಲ್ಲ.

ಸ್ಥಾವರವೂ ಜಂಗಮವೂ

ಶರಣಧರ್ಮದ ಅನುಯಾಯಿಗಳಾದ ನಮಗೆ ಇಲ್ಲೊಂದು ಶಂಕೆ ಏಳುವುದು ಸಹಜ. ಬಸವಾದಿ ಪ್ರಮಥರು ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿತನವನ್ನಿತ್ತರು. ಅಂಗೈಯ ಮೇಲಿನ ಇಷ್ಟಲಿಂಗವನ್ನು ನೆಚ್ಚಿದವನಿಗೆ ಊರು ಬಿಟ್ಟರೂ ದೇವರು ಬಿಟ್ಟುಹೋಗುವುದಿಲ್ಲ. ಹಾಗಿರುವಾಗ ನೀರಿನಲ್ಲಿ ಮುಳುಗಿದ ಕಲ್ಲಿಗಾಗಿ ಇಷ್ಟೊಂದು ಹಂಬಲ ಏಕೆ?

ನಮ್ಮ ಅಲ್ಪಮತಿಗೆ ತೋರಿದ ಸಮಾಧಾನ ಇಷ್ಟು. ಹಂಬಲ ಕಲ್ಲಿಗಾಗಿ ಅಲ್ಲ. ಕಲ್ಲಿನಲ್ಲಿ ಕಂಡರಿಸಿದ ಶಿಲ್ಪಿಯ ಕಾಯಕಕ್ಕಾಗಿ, ಕಟ್ಟೆಗೆ ಗಾರೆ ಹೊತ್ತ ಕೂಲಿಯವರ ಬೆವರಿಗಾಗಿ, ಅನ್ಯರ ಅನ್ನಕ್ಕಾಗಿ ತಮ್ಮ ನೆಲವನ್ನು ನೀರಿಗೆ ಒಪ್ಪಿಸಿದವರ ತ್ಯಾಗಕ್ಕಾಗಿ. ನಾಲೆಯ ಬಯಲಿನ ಮನೆಗಳಲ್ಲಿ ಬಡಿಸುವ ಪ್ರಸಾದದ ಒಂದೊಂದು ತುತ್ತಿನಲ್ಲಿಯೂ ಆ ಮನೆತನಗಳ ದಾಸೋಹದ ಪಾಲಿದೆ. ಉಂಡವನು ನೀಡಿದವನ ಹೆಸರನ್ನಾದರೂ ತಿಳಿದಿರಬೇಕಲ್ಲವೆ?

ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಕ್ಷೇತ್ರವೂ ಇಂಥದೇ ಪರೀಕ್ಷೆಯನ್ನು ಎದುರಿಸಿದೆ. ಕೃಷ್ಣಾ ಮಲಪ್ರಭಾ ನದಿಗಳ ಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಐಕ್ಯಮಂಟಪ ಮುಳುಗದಿರಲೆಂದು ಅದರ ಸುತ್ತ ಬಾವಿಯಂತೆ ದುಂಡನೆಯ ಎತ್ತರದ ಗೋಡೆ ಎಬ್ಬಿಸಿದ್ದಾರೆ. ದಡದಿಂದ ಸೇತುವೆಯ ಮೇಲೆ ನಡೆದುಹೋಗಿ, ಮೆಟ್ಟಿಲುಗಳನ್ನಿಳಿದು ದರ್ಶನ ಮಾಡಬೇಕು. ಸುತ್ತ ನೀರು, ನಡುವೆ ಶಾಂತವಾದ ಆ ತಾಣ. ಅಲ್ಲಿಗೆ ಹೋದವರಿಗೆ ಆ ಅನುಭವವನ್ನು ವಿವರಿಸಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ತ್ರಿವೇಣಿ ಸಂಗಮವಿದೆ. ಮಲೆ ಮಹದೇಶ್ವರರು ಬಾಲಕರಾಗಿ ಪವಾಡ ಮೆರೆದ ನೆಲ ಅದೆಂದು ಭಕ್ತರ ನಂಬಿಕೆ. 2022ರ ಅಕ್ಟೋಬರಿನಲ್ಲಿ ಅಲ್ಲಿ ಕುಂಭಮೇಳ ಜರುಗಿದಾಗ ಸೇರಿದ ಜನಸಾಗರವನ್ನು ನಾವು ಕಂಡಿದ್ದೇವೆ.

ನೀರು ಏರಿದಾಗ ಮನುಷ್ಯ ಮಾಡಬಹುದಾದದ್ದು ಮೂರು. ಶೆಟ್ಟಿಹಳ್ಳಿಯಂತೆ ಬಿಟ್ಟು ಬರಬಹುದು, ಕನ್ನಂಬಾಡಿಯ ಗುಡಿಯಂತೆ ಹೊತ್ತು ತರಬಹುದು, ಕೂಡಲಸಂಗಮದಂತೆ ಸುತ್ತ ಗೋಡೆ ಕಟ್ಟಿ ಕಾಯಬಹುದು. ಈ ಮೂರೂ ಕೈಲಾಗದ ಸಾಮಾನ್ಯ ಮನೆಗಳಿಗೆ ನಾಲ್ಕನೆಯದೊಂದು ದಾರಿಯಿದೆ. ಅದು ದಾಖಲೆ. ಮನೆ ಸ್ಥಾವರ, ಅದರ ನೆನಪು ಜಂಗಮ. ಅದು ತಲೆಮಾರಿನಿಂದ ತಲೆಮಾರಿಗೆ ನಡೆಯುತ್ತಲೇ ಇರಬೇಕು.

ಮನೆಮನೆಯಲ್ಲಿ ಆಗಬೇಕಾದ ಕೆಲಸ

ಆದ್ದರಿಂದ ಸಮಾಜದ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಭಾವಚಿತ್ರಗಳಿದ್ದರೆ ಅವುಗಳ ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಹಿರಿಯರಿಂದ ಕೇಳಿ ಬರೆಯಿರಿ. ಶಾಯಿ ಹರಡುತ್ತದೆ, ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹಗುರವಾಗಿ ಬರೆಯುವುದು ಲೇಸು. ಅಂಟುಹಾಳೆಯ ಆಲ್ಬಮ್ಮುಗಳಲ್ಲಿ ಹಳೆಯ ಚಿತ್ರಗಳು ಹಳದಿಗಟ್ಟಿ ಹಾಳಾಗುತ್ತವೆ, ಅವನ್ನು ಕಾಗದದ ಲಕೋಟೆಗಳಲ್ಲಿ ಇಡಿ. ಮಳೆಗಾಲದ ತೇವ ತಗುಲದಂತೆ ಎಚ್ಚರ ವಹಿಸಿ. ನೆಗೆಟಿವ್‌ಗಳಿದ್ದರೆ ಎಸೆಯಬೇಡಿ. ಮೊಬೈಲಿನಲ್ಲಿ ತೆಗೆದ ಚಿತ್ರಗಳು ಆ ಮೊಬೈಲಿನೊಂದಿಗೇ ಕಳೆದುಹೋಗುತ್ತವೆ. ಮುಖ್ಯವಾದವನ್ನು ಎರಡು ಕಡೆ ಉಳಿಸಿ, ಕೆಲವನ್ನಾದರೂ ಅಚ್ಚು ಹಾಕಿಸಿ.

ಊರಿನ ಕೆರೆ, ಮಠದ ಜಗಲಿ, ಗದ್ದುಗೆ, ಹಳೆಯ ಬಾವಿ, ಸೇತುವೆ, ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು ವರ್ಷಕ್ಕೊಮ್ಮೆ, ಅದೇ ಜಾಗದಲ್ಲಿ ನಿಂತು ಚಿತ್ರ ತೆಗೆಯುವ ಪದ್ಧತಿಯನ್ನು ಮಕ್ಕಳಿಗೆ ಕಲಿಸಿ. ಬಸವ ಜಯಂತಿಯ ದಿನ ಅದಕ್ಕೆ ಪ್ರಶಸ್ತವಾದ ದಿನ. ಹತ್ತು ವರ್ಷ ಕಳೆದ ಮೇಲೆ ಆ ಮಕ್ಕಳೇ ತಮ್ಮ ಊರಿನ ಇತಿಹಾಸಕಾರರಾಗಿರುತ್ತಾರೆ.

ಹಿನ್ನೀರಿನ ಕಡೆಗೆ ಬರುವ ಯಾತ್ರಿಕರಲ್ಲಿಯೂ ಒಂದು ಮಾತು. ಹೊಸಕನ್ನಂಬಾಡಿಯ ಗುಡಿಯ ಶಿಲ್ಪವೈಭವವನ್ನು ಕಂಡು ಕಣ್ತಣಿಸಿಕೊಂಡ ಬಳಿಕ ಗಳಿಗೆಯ ಹೊತ್ತು ದಡದಲ್ಲಿ ನಿಲ್ಲಿ. ನೀರು ಕೆಸರುಗಳ ಅಪಾಯವಿರುವುದರಿಂದ ಮಕ್ಕಳನ್ನು ಅಂಚಿಗೆ ಬಿಡಬೇಡಿ. ಪ್ಲಾಸ್ಟಿಕ್ ಎಸೆಯಬೇಡಿ. ಊರಿನ ಹಿರಿಯರು ಯಾರಾದರೂ ಎದುರಾದರೆ ನಿಮ್ಮ ಮೂಲದ ಮನೆ ಎಲ್ಲಿತ್ತೆಂದು ಕೇಳಿ. ಅವರು ನೀರಿನ ಕಡೆಗೆ ಕೈತೋರಿದರೆ, ಅವರ ಅಪ್ಪಣೆ ಪಡೆದು ಆ ಚಿತ್ರವನ್ನು ತೆಗೆಯಿರಿ, ಅವರು ಹೇಳಿದ ಮನೆತನದ ಹೆಸರನ್ನು ಬರೆದುಕೊಳ್ಳಿ, ಅಚ್ಚು ಹಾಕಿಸಿದ ಒಂದು ಪ್ರತಿಯನ್ನು ಮರೆಯದೆ ಅವರ ಮನೆಗೆ ಮುಟ್ಟಿಸಿ.